ಗೋಳಗುಮ್ಮಟದ ಗೇಟಿನಲ್ಲಿ ಯಾರಿಗೆ ಟಿಕೆಟ್ ಬೇಡ?

ಗುಮ್ಮಟದ ಓಣಿ
ನಮಸ್ಕಾರ್ರೀ ಎಲ್ಲರಿಗೂ. ರಜೆಗೆ ನಮ್ಮ ಮನೆಗೆ ದೊಡ್ಡ ಬಳಗ ಬರುತ್ತಿದೆ. 78 ವರ್ಷದ ಅಜ್ಜ, ಅತ್ತೆ, ಕಲಬುರಗಿಯ ಕಾಕಾ-ಕಾಕು, ಅವರ ಮೂರು ಮಕ್ಕಳು (9, 14, 16). ಅಮೆರಿಕದಿಂದ ಅಕ್ಕ-ಭಾವ ಮತ್ತು ಅವರ 6 ವರ್ಷದ ಮಗಳು. ಜೊತೆಗೆ ವಿಜಯಪುರದವರೇ ಆದ ನಾವು ನಾಲ್ಕು ಮಂದಿ ದೊಡ್ಡವರು.

ಮನೆಯಲ್ಲಿ ಈಗಲೇ ಜಗಳ ಶುರು. ಹಿರಿಯರಿಗೆ ಟಿಕೆಟ್ ಇಲ್ಲ ಅಂತ ಒಬ್ಬರು. ವಿಜಯಪುರದ ವಿಳಾಸ ಇರುವ ಆಧಾರ್ ತೋರಿಸಿದರೆ ಸುಮ್ನೆ ಬಿಡುತ್ತಾರೆ ಅಂತ ಇನ್ನೊಬ್ಬರು. ಶುಕ್ರವಾರ ಎಲ್ಲರಿಗೂ ಫ್ರೀ ಅಂತ ಮೂರನೆಯವರು. ಭಾವನಿಗೆ ಫಾರಿನ್ ರೇಟ್ ಹಾಕುತ್ತಾರಾ ಅನ್ನೋದು ಬೇರೆ ಚಿಂತೆ. ಆಮೇಲೆ ಬಾದಾಮಿ, ಪಟ್ಟದಕಲ್ಲು, ಆಲಮಟ್ಟಿಗೂ ಹೋಗೋದಿದೆ. ಗೊತ್ತಿದ್ದವರು ಹೇಳ್ರೀ.

ಇನ್ನೊಂದು. ಬೆಳಗ್ಗೆ ಗುಮ್ಮಟದ ತೋಟದಲ್ಲಿ ವಾಕಿಂಗ್ ಮಾಡಬೇಕು ಅಂದರೆ ಊರಿನವರೂ ದಿನಾ ಟಿಕೆಟ್ ತಗೋಬೇಕಾ? ಇದು ನ್ಯಾಯಾನಾ?

ಸ್ಟೇಷನ್ ರೋಡ್
ಶುಕ್ರವಾರ ಫ್ರೀ ಅಂದವರು ಯಾರ್ರೀ? ಶುಕ್ರವಾರ ಒಳಗಿನ ಮ್ಯೂಸಿಯಂ ಬಂದ್ ಇರುತ್ತೆ, ಅಷ್ಟೇ.

ಹಳೇ ಮಾಸ್ತರ
ಇದು ಕೇಂದ್ರದ ಪುರಾತತ್ವ ಇಲಾಖೆಯ ಸ್ಮಾರಕ. ದೇಶಕ್ಕೆಲ್ಲಾ ಒಂದೇ ನಿಯಮ. 15 ವರ್ಷದ ಒಳಗಿನ ಮಕ್ಕಳಿಗೆ ಟಿಕೆಟ್ ಇಲ್ಲ. ಅದು ಬಿಟ್ಟರೆ ಹಿರಿಯರು, ಊರಿನವರು ಅನ್ನೋ ಲೆಕ್ಕ ಇಲ್ಲ. ಟಿಕೆಟ್ ದರಕ್ಕಾಗಿ ಇಲಾಖೆ ಮಾಡಿದ ವರ್ಗಗಳಲ್ಲಿ ಗೋಳಗುಮ್ಮಟ 'ಬಿ' ವರ್ಗದ್ದು. ಭಾರತೀಯರಿಗೆ ನಗದು ಕೊಟ್ಟರೆ 25 ರೂಪಾಯಿ, ಆನ್‌ಲೈನ್ ಆದರೆ 20. ವಿದೇಶಿಯರಿಗೆ 300, ಆನ್‌ಲೈನ್ ಆದರೆ 250. 2018ರ ಆಗಸ್ಟ್‌ನಲ್ಲಿ ಬಂದ ದರ ಇವು. ಅದಕ್ಕೂ ಮುಂಚೆ 15 ಇತ್ತು, 2016ಕ್ಕಿಂತ ಮುಂಚೆ ಬರೀ 5 ರೂಪಾಯಿ.

ಹೊರಡುವ ಹಿಂದಿನ ದಿನ ಟಿಕೆಟ್ ಪುಟದಲ್ಲಿ ಒಮ್ಮೆ ದರ ನೋಡಿಕೊಳ್ಳಿ. ಇಂಥವು ಬದಲಾಗುತ್ತಲೇ ಇರುತ್ತವೆ.

ನವನಗರದ ಹುಡುಗ
ಮಾಸ್ತರ್ರೇ, ಹಿರಿಯರಿಗೆ ಇಲ್ಲ ಅಂದರೆ ನಂಬೋಕೆ ಆಗ್ತಿಲ್ಲ. ಬಸ್ಸಿನಲ್ಲಿ ಇದೆ, ರೈಲಿನಲ್ಲಿ ಇದೆ, ಇಲ್ಲಿ ಯಾಕಿಲ್ಲ?

ಹಳೇ ಮಾಸ್ತರ
ರೈಲಿನಲ್ಲಿ ಎಲ್ಲಿದೆಯಪ್ಪಾ? 2020ರ ಮಾರ್ಚ್‌ನಲ್ಲೇ ಹಿರಿಯರ ರಿಯಾಯಿತಿ ನಿಲ್ಲಿಸಿದರು. ನಮ್ಮ ಸಾರಿಗೆ ಬಸ್ಸಿನಲ್ಲಿ 60 ದಾಟಿದವರಿಗೆ ನೂರಕ್ಕೆ 25 ಕಡಿಮೆ ಮಾಡುತ್ತಾರೆ. ಅದನ್ನು ನೋಡಿ ಜನ ಎಲ್ಲಾ ಕಡೆ ಇದೆ ಅಂದುಕೊಳ್ಳುತ್ತಾರೆ.

ಶಕ್ತಿ ಅಕ್ಕ
ಆಧಾರ್ ಕಥೆ ಎಲ್ಲಿಂದ ಬಂತು ಅಂತ ನಾನು ಹೇಳುತ್ತೇನೆ. 2023ರ ಜೂನ್‌ನಿಂದ ನಾವು ಹೆಂಗಸರು ಬಸ್ಸಿನಲ್ಲಿ ಆಧಾರ್ ತೋರಿಸಿ ಫ್ರೀ ಓಡಾಡ್ತಾ ಇದ್ದೀವಲ್ಲ, ಅದೇ ರೂಢಿ. ನಮ್ಮ ವೈನಿ ಅಂತೂ ಬಾದಾಮಿ ಗುಹೆ ಮುಂದೆ ಟಿಕೆಟ್ ಕೊಡುವವನಿಗೆ ಆಧಾರ್ ಹಿಡಿದು 'ಒಂದು ಮಹಿಳೆ' ಅಂದಳು! ಅವನೂ ನಕ್ಕ, ಸಾಲಿನವರೆಲ್ಲಾ ನಕ್ಕರು.

ಕುಂದಾ ಬೆಳಗಾವಿ
😂😂 'ಒಂದು ಮಹಿಳೆ'

ಮಲಪ್ರಭಾ ದಂಡೆ
ನಗಬೇಡ್ರೀ, ವರ್ಷಕ್ಕೊಂದು ದಿನ ಅದೂ ನಡೆಯುತ್ತೆ. ಮಾರ್ಚ್ 8ಕ್ಕೆ ಹೆಂಗಸರಿಗೆ ಪುರಾತತ್ವ ಇಲಾಖೆಯ ಸ್ಮಾರಕಗಳಲ್ಲಿ ಟಿಕೆಟ್ ಬೇಡ, 2019ರಿಂದ ಶುರುವಾದದ್ದು. ಏಪ್ರಿಲ್ 18, ವಿಶ್ವ ಪರಂಪರೆ ದಿನ, ಎಲ್ಲರಿಗೂ ಫ್ರೀ. ನವೆಂಬರ್ 19ಕ್ಕೂ ಅಷ್ಟೇ. 2022ರಲ್ಲಿ ಸ್ವಾತಂತ್ರ್ಯದ 75ನೇ ವರ್ಷ ಅಂತ ಆಗಸ್ಟ್ 5ರಿಂದ 15ರ ತನಕ ಪೂರ್ತಿ ಬಾಗಿಲು ತೆಗೆದಿದ್ದರು. ಆದರೆ ಇವು ಇಲಾಖೆಯ ಆದೇಶದ ಮೇಲೆ ನಡೆಯುವಂಥವು. ಆ ವರ್ಷ ಆದೇಶ ಬಂದಿದೆಯಾ ಅಂತ ನೋಡಿಕೊಂಡೇ ಹೋಗಬೇಕು.

ಸ್ಟೇಷನ್ ರೋಡ್
ಫ್ರೀ ದಿನ ಹೋಗಲೇಬೇಡಿ. ಮೇಲಿನ ಪಿಸುಮಾತಿನ ಗ್ಯಾಲರಿಯಲ್ಲಿ ಕಾಲಿಡಲು ಜಾಗ ಇರಲ್ಲ. 20 ರೂಪಾಯಿ ಉಳಿಸಿ ತಲೆನೋವು ತಗೊಂಡು ಬರ್ತೀರಿ.

ಗುಮ್ಮಟದ ಓಣಿ
ಹಾಗಾದರೆ 16ರ ಹುಡುಗನಿಗೆ ಟಿಕೆಟ್ ಬೇಕೇ ಬೇಕು. 14ರವನು ನೋಡೋಕೆ ಅಣ್ಣನಿಗಿಂತ ಎತ್ತರ ಇದ್ದಾನೆ. ಗೇಟಿನಲ್ಲಿ ನಂಬುತ್ತಾರಾ?

ಕುಂದಾ ಬೆಳಗಾವಿ
ಆಧಾರ್ ಫೋಟೋ ಮೊಬೈಲಿನಲ್ಲಿ ಇಟ್ಟುಕೊಳ್ಳಿ. ನಮ್ಮ ಮಗನಿಗೂ ಇದೇ ಆಯಿತು, ಎಲ್ಲಿ ಅಂತ ಹೇಳಲ್ಲ. 13 ವರ್ಷ, ಮೀಸೆ ಚಿಗುರು ಬಂದಿತ್ತು. ಗೇಟಿನವರು 'ಕಾಲೇಜಿಗೆ ಹೋಗ್ತಿದ್ದಾನಲ್ರೀ' ಅಂತ ಪಟ್ಟು ಹಿಡಿದರು. ನಮ್ಮ ಬಳಿ ದಾಖಲೆ ಇರಲಿಲ್ಲ. ಶಾಲೆಯ ಗುರುತಿನ ಚೀಟಿ ಮನೆಯಲ್ಲಿ. ವಾದ ಮಾಡಿ ಮಾಡಿ ಕೊನೆಗೆ ದುಡ್ಡು ಕೊಟ್ಟೆವು. ದುಡ್ಡು ದೊಡ್ಡದಲ್ಲ, ಆದರೆ ಹುಡುಗನ ಮುಖ ಚಿಕ್ಕದಾಯಿತು. ಅಲ್ಲ, ಅವನಿಗೆ ಕಾಲೇಜು ಹುಡುಗ ಅಂದದ್ದು ಒಳಗೊಳಗೇ ಖುಷಿ ಇತ್ತೇನೋ.

ದೂರದ ಬೀಗ
ಭಾವನ ವಿಷಯಕ್ಕೆ ಬರೋಣ. ಅವರ ಹತ್ತಿರ ಓಸಿಐ ಕಾರ್ಡ್ (ಬೇರೆ ದೇಶದ ಪೌರರಾದ ಭಾರತ ಮೂಲದವರಿಗೆ ಕೊಡುವ ಕಾರ್ಡ್) ಇದೆಯಾ? ಇದ್ದರೆ ಭಾರತೀಯರ ರೇಟೇ. 2021ರ ಮಾರ್ಚ್‌ನ ಗೃಹ ಇಲಾಖೆಯ ಅಧಿಸೂಚನೆಯಲ್ಲಿ ರಾಷ್ಟ್ರೀಯ ಉದ್ಯಾನ, ಅಭಯಾರಣ್ಯ, ಸ್ಮಾರಕ, ಮ್ಯೂಸಿಯಂ ಇವುಗಳ ಪ್ರವೇಶ ಶುಲ್ಕದಲ್ಲಿ ಓಸಿಐ ಇರುವವರನ್ನು ಭಾರತೀಯರಂತೆಯೇ ನೋಡಬೇಕು ಅಂತ ಇದೆ. ಕಾರ್ಡ್ ಕೈಯಲ್ಲಿ ಇರಬೇಕು. 'ನಾನು ಬೀಳಗಿಯವನು, ಕನ್ನಡ ಮಾತಾಡ್ತೀನಿ' ಅಂದರೆ ಸಾಲದು.

ಅಕ್ಕ ಇನ್ನೂ ಭಾರತದ ಪಾಸ್‌ಪೋರ್ಟ್‌ನಲ್ಲೇ ಇದ್ದರೆ ಪ್ರಶ್ನೆಯೇ ಇಲ್ಲ. ಎಲ್ಲಿ ವಾಸ ಅನ್ನೋದು ಲೆಕ್ಕಕ್ಕೆ ಬರಲ್ಲ, ಪಾಸ್‌ಪೋರ್ಟ್ ಯಾವುದು ಅನ್ನೋದೇ ಲೆಕ್ಕ. ಮಗು 15ರ ಒಳಗೆ. ಯಾವ ದೇಶದ ಮಗುವಾದರೂ ಟಿಕೆಟ್ ಇಲ್ಲ.

ಗುಮ್ಮಟದ ಓಣಿ
ಭಾವನಿಗೆ ಓಸಿಐ ಇದೆ, ಅಕ್ಕ ಇನ್ನೂ ಭಾರತದ್ದೇ. ಉಳೀತು!

ಚಹಾದಂಗಡಿ
ನಮ್ಮ ಕಡೆ ಕೆಲಸ ಮಾಡುವ ನೇಪಾಳದ ಹುಡುಗರಿಗೆ ಏನು ರೇಟು?

ದೂರದ ಬೀಗ
ಭಾರತೀಯರದ್ದೇ. ಸಾರ್ಕ್ ಮತ್ತು ಬಿಮ್‌ಸ್ಟೆಕ್ ದೇಶದವರಿಗೆಲ್ಲ ಅದೇ ದರ. ನೇಪಾಳ, ಭೂತಾನ್, ಶ್ರೀಲಂಕಾ, ಬಾಂಗ್ಲಾ, ಥಾಯ್ಲೆಂಡ್, ಮ್ಯಾನ್ಮಾರ್ ಎಲ್ಲಾ ಅದರಲ್ಲಿ ಬರುತ್ತವೆ.

ಲೆಕ್ಕದ ಕಾಕಾ
ಹಾಗಾದರೆ ಅಜ್ಜ, ಅತ್ತೆ, ಕಾಕಾ, ಕಾಕು, 16ರ ಹುಡುಗ, ಅಕ್ಕ, ಭಾವ, ನೀವು ನಾಲ್ವರು. ಒಟ್ಟು 11. ಆನ್‌ಲೈನ್ 220, ನಗದು 275. ಉಳಿದ 55ರಲ್ಲಿ ಹೊರಗೆ ಗಿರ್ಮಿಟ್ ತಿನ್ನಿ.

ವಾಕಿಂಗ್ ಗೆಳೆಯ
ಯಾರೂ ವಾಕಿಂಗ್ ಪ್ರಶ್ನೆಗೆ ಉತ್ತರ ಕೊಡಲಿಲ್ಲ. ಬೆಂಗಳೂರಿನ ಲಾಲ್‌ಬಾಗ್ ನೋಡಿ. ಬೆಳಗ್ಗೆ 6ರಿಂದ 9ರ ತನಕ ಟಿಕೆಟ್ ಕೇಳಲ್ಲ, ಸಂಜೆ 6ರಿಂದ 7ರ ತನಕವೂ ಕೇಳಲ್ಲ. 12 ವರ್ಷದ ಒಳಗಿನ ಮಕ್ಕಳಿಗೆ ಯಾವಾಗಲೂ ಇಲ್ಲ. ಕಬ್ಬನ್ ಪಾರ್ಕಿಗಂತೂ ಟಿಕೆಟ್ ಅನ್ನೋದೇ ಇಲ್ಲ. ಬೆಂಗಳೂರಿನವರ ಗಾಳಿ ಫ್ರೀ, ವಿಜಯಪುರದವರ ಗಾಳಿಗೆ ದುಡ್ಡಾ? ಬೇಸಿಗೆಯಲ್ಲಿ ಬೆಳಗಿನ ಆ ಎರಡು ತಾಸು ಬಿಟ್ಟರೆ ನಮ್ಮೂರಲ್ಲಿ ಹೊರಗೆ ಕಾಲಿಡೋಕೆ ಆಗಲ್ಲ. ಅಷ್ಟು ದೊಡ್ಡ ಹುಲ್ಲುಹಾಸು ಇನ್ನೆಲ್ಲಿದೆ?

ಹಳೇ ಮಾಸ್ತರ
ಲಾಲ್‌ಬಾಗ್ ರಾಜ್ಯದ ತೋಟಗಾರಿಕೆ ಇಲಾಖೆಯದು. ಗಿಡಮರಕ್ಕಾಗಿಯೇ ಇರುವ ತೋಟ. ಇಲ್ಲಿ ಟಿಕೆಟ್ ಗೋರಿಗೆ. ತೋಟ ಅದರ ಅಂಗಳ. ಎರಡನ್ನೂ ಒಂದೇ ತಕ್ಕಡಿಗೆ ಹಾಕಬೇಡಿ.

ವಾಕಿಂಗ್ ಗೆಳೆಯ
ಅದೇ ನನ್ನ ವಾದ ಕೂಡ! ನಾನು ಗೋರಿ ಹತ್ತಲ್ಲ, ಮೆಟ್ಟಿಲ ಹತ್ತಿರವೂ ಹೋಗಲ್ಲ. ಅಂಗಳದಲ್ಲಿ ನಡೆದು ಬರ್ತೀನಿ. ಹೊರಗಿನ ಗೇಟಿನಲ್ಲೇ ಟಿಕೆಟ್ ಇಟ್ಟರೆ ನನ್ನಂಥವನು ಏನು ಮಾಡಬೇಕು? ಟಿಕೆಟ್ ಕೌಂಟರನ್ನು ಗುಮ್ಮಟದ ಬಾಗಿಲಿಗೆ ಒಯ್ಯಲಿ.

ಶಕ್ತಿ ಅಕ್ಕ
ಗೇಟು ಬಿಟ್ಟುಕೊಟ್ಟರೆ ಏನಾಗುತ್ತೆ ಗೊತ್ತಾ ಅಣ್ಣಾ? ಸಂಜೆಗೆ ಕುರುಕಲು ಪ್ಯಾಕೆಟ್, ಗುಟ್ಕಾ ಚೀಟಿ, ಹುಟ್ಟುಹಬ್ಬದ ಕೇಕಿನ ಕ್ರೀಮು. ಊರಲ್ಲಿ ಟಿಕೆಟ್ ಇಲ್ಲದ ಪಾರ್ಕುಗಳ ಗತಿ ನೋಡಿದ್ದೀರಲ್ಲ.

ವಾಕಿಂಗ್ ಗೆಳೆಯ
ಗೋಡೆ ಮೇಲೆ ಹೃದಯ ಕೊರೆದು ಹೆಸರು ಬರೆದವರೆಲ್ಲಾ ಟಿಕೆಟ್ ತಗೊಂಡೇ ಒಳಗೆ ಬಂದವರು ಅಕ್ಕಾ. 25 ರೂಪಾಯಿ ಕೊಟ್ಟರೆ ಬುದ್ಧಿ ಬರುತ್ತೆ ಅನ್ನೋದು ಸುಳ್ಳು.

ಮಲಪ್ರಭಾ ದಂಡೆ
ಕೊರೆದವರಿಗೆ ಎರಡು ವರ್ಷದ ತನಕ ಜೈಲು, ಒಂದು ಲಕ್ಷದ ತನಕ ದಂಡ ಅಂತ ಕಾನೂನಿದೆ. 1958ರ ಕಾಯ್ದೆ, 2010ರಲ್ಲಿ ಬಿಗಿ ಮಾಡಿದರು. ಆದರೆ ಹಿಡಿಯುವವರು ಬೇಕಲ್ಲ.

ಸ್ಟೇಷನ್ ರೋಡ್
ಇಬ್ಬರದೂ ಸರಿ ಅನ್ನಿಸುತ್ತೆ ನನಗೆ. ಆದರೆ ದಿನಾ 20 ಅಂದರೆ ತಿಂಗಳಿಗೆ 600. ಜಿಮ್ ರೇಟು ಅದು. ಊರಿನವರಿಗೆ ಬೆಳಗಿನ ಹೊತ್ತಿಗೆ ತಿಂಗಳ ಪಾಸ್ ಅಂತ ಮಾಡಿದರೆ ಇಲಾಖೆಗೂ ಲುಕ್ಸಾನಿಲ್ಲ. ದಿನಾ ಬರುವವರ ಕಣ್ಣು ಇದ್ದರೆ ಗೋಡೆ ಕೊರೆಯುವವನೂ ಹೆದರುತ್ತಾನೆ. ಹತ್ತು ಜನ ಸೇರಿ ಕಚೇರಿಗೆ ಒಂದು ಅರ್ಜಿ ಕೊಡ್ರೀ. ಇಲ್ಲಿ ಬರೆದರೆ ಯಾರು ಓದುತ್ತಾರೆ?

ವಾಕಿಂಗ್ ಗೆಳೆಯ
ಸಹಿ ಹಾಕೋಕೆ ನೀವು ಬರ್ತೀರಾ?

ಸ್ಟೇಷನ್ ರೋಡ್
ಬೆಳಗ್ಗೆ 6ಕ್ಕೆ ಅಂದರೆ ಬರಲ್ಲ. ಎಂಟಕ್ಕೆ ಅಂದರೆ ಬರ್ತೀನಿ 😄

ತಾಜ್ ಬಾವಡಿ
ಶುಕ್ರವಾರ ಫ್ರೀ ಅನ್ನೋದು ಆಗ್ರಾದ ಸುದ್ದಿ ಇಲ್ಲಿಗೆ ಬಂದು ಸೇರಿದ್ದು. ತಾಜ್‌ಮಹಲ್ ಶುಕ್ರವಾರ ನೋಡುವವರಿಗೆ ಬಂದ್. ಅಲ್ಲಿನ ಮಸೀದಿಯ ನಮಾಜಿಗೆ ಮಾತ್ರ ಮಧ್ಯಾಹ್ನ ಸ್ಥಳೀಯರನ್ನು ಬಿಡುತ್ತಾರೆ. ನಮ್ಮಲ್ಲಿ ಜುಮ್ಮಾ ಮಸೀದಿಗೆ ಯಾವತ್ತೂ ಟಿಕೆಟ್ ಇಲ್ಲವೇ ಇಲ್ಲ. ಈಗಲೂ ನಮಾಜ್ ನಡೆಯುವ ಜಾಗ ಅದು. ನೋಡೋಕೆ ಹೋಗುವವರು ಆ ಹೊತ್ತು ಬಿಟ್ಟು ಹೋಗಿ, ಚಪ್ಪಲಿ ಹೊರಗೆ ಬಿಡಿ, ತಲೆ ಮೇಲೆ ಒಂದು ಬಟ್ಟೆ ಇರಲಿ.

ಅಷ್ಟಕ್ಕೂ ನಮ್ಮೂರಲ್ಲಿ ಟಿಕೆಟ್ ಇರುವುದು ಮುಖ್ಯವಾಗಿ ಗೋಳಗುಮ್ಮಟ ಮತ್ತು ಇಬ್ರಾಹಿಂ ರೋಜಾಕ್ಕೆ. ಬಾರಾಕಮಾನ್, ಗಗನ್ ಮಹಲ್, ಉಪಲಿ ಬುರುಜು, ಮಲಿಕ್-ಎ-ಮೈದಾನ್ ತೋಪು, ಎಲ್ಲಾ ಸುಮ್ನೆ ಹೋಗಿ ನೋಡಬಹುದು. ಮೆಟ್ಟಿಲು ಹತ್ತಲಾಗದ ಅಜ್ಜನಿಗೆ ಸಂಜೆ ಬಾರಾಕಮಾನ್ ಅಂಗಳವೇ ಸಾಕು. ಮೇಲೆ ಛಾವಣಿ ಇಲ್ಲ, ಬರೀ ಕಮಾನುಗಳು. ಸೂರ್ಯ ಇಳಿಯುವಾಗ ಆ ಕಲ್ಲಿನ ಬಣ್ಣ ನೋಡಬೇಕು.

ನವನಗರದ ಹುಡುಗ
ಉಪಲಿ ಬುರುಜು ಅಜ್ಜನಿಗೆ ಬೇಡ. ಹೊರಗಿನಿಂದ ಸುತ್ತಿಕೊಂಡು ಹೋಗುವ ಮೆಟ್ಟಿಲು, ಸುಮಾರು 80 ಅಡಿ ಎತ್ತರ.

ಗುಮ್ಮಟದ ಓಣಿ
ಅಜ್ಜ ಗುಮ್ಮಟ ಹತ್ತೇ ಹತ್ತುತ್ತೇನೆ ಅಂತ ಹಟ ಹಿಡಿದಿದ್ದಾರೆ. ಮದುವೆಯಾದ ಹೊಸದರಲ್ಲಿ ಅಜ್ಜಿಯನ್ನು ಕರೆದುಕೊಂಡು ಹತ್ತಿದ್ದರಂತೆ.

ಶಕ್ತಿ ಅಕ್ಕ
ಬೇಡ ಅನ್ನಬೇಡಿ, ಆದರೆ ಹುಷಾರು. ಮೂಲೆಯ ಮಿನಾರಿನೊಳಗೆ ಏಳು ಅಂತಸ್ತು, ಕಿರಿದಾದ ಸುರುಳಿ ಮೆಟ್ಟಿಲು, ಕಲ್ಲು ಸವೆದು ನುಣ್ಣಗಾಗಿದೆ. ಹತ್ತುವವರು, ಇಳಿಯುವವರು ಎದುರಾದರೆ ಒಬ್ಬರು ಗೋಡೆಗೆ ಅಂಟಿ ನಿಲ್ಲಬೇಕು. ಒಂದೊಂದು ಅಂತಸ್ತಿನಲ್ಲೂ ಕಿಟಕಿಯ ಹತ್ತಿರ ನಿಲ್ಲಿಸಿ ಕರೆದೊಯ್ಯಿರಿ. ಗೇಟು ತೆಗೆದ ಕೂಡಲೇ ಹೋಗಿ.

ಹಳೇ ಮಾಸ್ತರ
ಬೇಗ ಹೋಗಲು ಇನ್ನೊಂದು ಕಾರಣ ಇದೆ. ಆ ಪಿಸುಮಾತಿನ ಗ್ಯಾಲರಿ ಇರೋದೇ ಮೌನ ಇದ್ದಾಗ ಕೇಳೋಕೆ. ಗುಮ್ಮಟದ ಅಡ್ಡಳತೆ 44 ಮೀಟರ್. ಒಂದು ಬದಿಯಲ್ಲಿ ಗೋಡೆಗೆ ಬಾಯಿ ಹಚ್ಚಿ ಪಿಸುಗುಟ್ಟಿದರೆ ಎದುರು ಬದಿಯಲ್ಲಿ ಕಿವಿ ಹಚ್ಚಿದವರಿಗೆ ಸ್ಪಷ್ಟ ಕೇಳುತ್ತದೆ. ಚಪ್ಪಾಳೆ ಏಳೆಂಟು ಸಲ ತಿರುಗಿ ಬರುತ್ತದೆ. ಹತ್ತು ಗಂಟೆಯ ಮೇಲೆ ಶಾಲೆಯ ಬಸ್ಸುಗಳು ಬಂದವೆಂದರೆ ಮುಗಿಯಿತು, 'ಹೋ' ಅನ್ನೋದೊಂದೇ ಕೇಳೋದು.

ಲೆಕ್ಕದ ಕಾಕಾ
ಟಿಕೆಟ್ ಇಲ್ಲದವರೇ ಜಾಸ್ತಿ ಕೂಗೋದು 😀

ಹಳೇ ಮಾಸ್ತರ
ಮಕ್ಕಳು ಕೂಗಲಿ ಬಿಡಿ. ದೊಡ್ಡವರು ಮೊಬೈಲ್ ಹಿಡಿದು ರೀಲ್ಸಿಗೆ ಕಿರುಚುತ್ತಾರಲ್ಲ, ಅವರಿಗೆ ಮೂರು ಪಟ್ಟು ಟಿಕೆಟ್ ಹಾಕಬೇಕು.

ಕ್ಯಾಮೆರಾ ಕಣ್ಣು
ಮೊಬೈಲ್ ಮತ್ತು ಫೋಟೋ ಕ್ಯಾಮೆರಾಕ್ಕೆ ದುಡ್ಡಿಲ್ಲ. ವಿಡಿಯೋ ಕ್ಯಾಮೆರಾಕ್ಕೆ 25 ರೂಪಾಯಿ ಬೇರೆ. ಸ್ಟ್ಯಾಂಡು, ಲೈಟು ಇಟ್ಟುಕೊಂಡು ಮದುವೆಗೆ ಮುಂಚಿನ ಫೋಟೋ ತೆಗೀತೀವಿ ಅಂದರೆ ಅದಕ್ಕೆ ಮೊದಲೇ ಅನುಮತಿ ಬೇಕು, ಗೇಟಿನಲ್ಲಿ ಕೇಳಿದರೆ ಆಗಲ್ಲ.

ಮಲಪ್ರಭಾ ದಂಡೆ
ಪಟ್ಟದಕಲ್ಲಿನ ಬಗ್ಗೆ ಯಾರೂ ಹೇಳಲಿಲ್ಲ. ಅದು 1987ರಿಂದ ವಿಶ್ವ ಪರಂಪರೆಯ ತಾಣ, 'ಎ' ವರ್ಗ. ಭಾರತೀಯರಿಗೆ 40, ಆನ್‌ಲೈನ್ 35. ವಿದೇಶಿಯರಿಗೆ 600. ಬಾದಾಮಿಯ ಗುಹೆಗಳಿಗೆ 25, ಐಹೊಳೆಯ ದುರ್ಗ ಗುಡಿಯ ಆವರಣಕ್ಕೆ 25. ಮ್ಯೂಸಿಯಂಗಳಿಗೆ ಬೇರೆ ಟಿಕೆಟ್, ಅವೂ ಶುಕ್ರವಾರ ಬಂದ್. ಬಾದಾಮಿಯಲ್ಲಿ ಅಗಸ್ತ್ಯ ಹೊಂಡದ ಆಚೆ ದಂಡೆಯ ಭೂತನಾಥ ಗುಡಿಗೆ ಟಿಕೆಟ್ ಇಲ್ಲ. ಮಹಾಕೂಟಕ್ಕೂ ಇಲ್ಲ.

ನನಗೆ ಒಂದು ತಕರಾರಿದೆ. ಪಟ್ಟದಕಲ್ಲಿನ ವಿರೂಪಾಕ್ಷನಿಗೆ ಈಗಲೂ ಪೂಜೆ ಇದೆ. ಕೈಯಲ್ಲಿ ಕಾಯಿ-ಕರ್ಪೂರ ಹಿಡಿದು ಬಂದ ಮುದುಕಿಗೂ, ಸೆಲ್ಫಿ ಕೋಲು ಹಿಡಿದು ಬಂದವನಿಗೂ ಒಂದೇ ಟಿಕೆಟ್ಟಾ?

ದೂರದ ಬೀಗ
ನಾಳೆಯಿಂದ ಎಲ್ಲರ ಕೈಯಲ್ಲೂ ಒಂದೊಂದು ಕಾಯಿ ಇರುತ್ತೆ, ನೋಡ್ತಾ ಇರಿ.

ಮಲಪ್ರಭಾ ದಂಡೆ
ಚೇಷ್ಟೆ ಬಿಡ್ರೀ. ಆ ಊರಿನವರಿಗೆ ಅದು ದೇವರ ಗುಡಿ. ನಮಗೆ ನೋಡುವ ಜಾಗ.

ತಾಜ್ ಬಾವಡಿ
ಈ ಮಾತು ನಾನೂ ಒಪ್ಪುತ್ತೇನೆ. ದೇವರ ಹತ್ತಿರ ಹೋಗುವವನನ್ನು ಟಿಕೆಟ್ ಕೇಳಬಾರದು, ಗುಡಿಯೇ ಆಗಲಿ ಮಸೀದಿಯೇ ಆಗಲಿ.

ಕುಂದಾ ಬೆಳಗಾವಿ
ಬಾದಾಮಿಗೆ ಹೋದರೆ ಬನಶಂಕರಿಗೂ ಹೋಗಿ. ಟಿಕೆಟ್ಟೂ ಇಲ್ಲ, ಹೊರಗೆ ಬುಟ್ಟಿ ಇಟ್ಟುಕೊಂಡ ಅಕ್ಕಂದಿರ ಹತ್ತಿರ ಖಡಕ್ ರೊಟ್ಟಿ, ಕೆಂಪು ಚಟ್ನಿ, ಗಡಿಗೆ ಮೊಸರು. ಹೋಟೆಲ್ ಊಟ ಅದರ ಮುಂದೆ ಏನೂ ಅಲ್ಲ.

ನವನಗರದ ಹುಡುಗ
ಗುಹೆಯ ಹತ್ತಿರ ಮಾತ್ರ ಕೈಯಲ್ಲಿ ತಿನ್ನೋದು ಏನೂ ಇಟ್ಟುಕೊಳ್ಳಬೇಡಿ. ಮಂಗಗಳು ಟಿಕೆಟ್ ಇಲ್ಲದೇ ಒಳಗಿರುವವರಲ್ಲಿ ಮೊದಲನೆಯವು. ಆರು ವರ್ಷದ ಮಗು ಇದೆ ಅಂದಿರಲ್ಲ, ಬಿಸ್ಕೀಟ್ ಪ್ಯಾಕೆಟ್ ಕಾರಿನಲ್ಲೇ ಬಿಡಿ.

ಚಹಾದಂಗಡಿ
ಆಲಮಟ್ಟಿಗೆ 15 ವರ್ಷದ ನಿಯಮ ನಡೆಯುತ್ತಾ?

ಹಳೇ ಮಾಸ್ತರ
ಅದು ಪುರಾತತ್ವ ಇಲಾಖೆಯದಲ್ಲ. ಜಲಾಶಯದ ತೋಟ, ಅವರದ್ದೇ ದರ, ಅವರದ್ದೇ ವಯಸ್ಸಿನ ಲೆಕ್ಕ. ಗುಮ್ಮಟದಲ್ಲಿ ಬಿಟ್ಟರು ಅಂತ ಅಲ್ಲಿ ವಾದ ಮಾಡಬೇಡಿ. ಸಂಜೆಯ ಸಂಗೀತ ಕಾರಂಜಿ ನೋಡೋದಿದ್ದರೆ ಸಮಯ ಕೇಳಿಕೊಂಡು ಹೋಗಿ.

ವಾಕಿಂಗ್ ಗೆಳೆಯ
ಊರಿನವರಿಗೆ ವಿನಾಯಿತಿ ಅನ್ನೋದು ಎಲ್ಲೂ ಇಲ್ಲ ಅಂತಿರಲ್ಲ, ಊಟಿ ನೋಡಿ. 2024ರ ಮೇ 7ರಿಂದ ಅಲ್ಲಿ ಇ-ಪಾಸ್ ಬೇಕು, ಮದ್ರಾಸ್ ಹೈಕೋರ್ಟ್ ಹೇಳಿದ್ದು. ಆದರೆ ನೀಲಗಿರಿಯ ನೋಂದಣಿ ಇರುವ ಗಾಡಿಗೆ ಬೇಡ. ಸರ್ಕಾರಿ ಬಸ್ಸಿನಲ್ಲಿ ಹೋದರೆ ನಮಗೂ ಬೇಡ. 2025ರ ಏಪ್ರಿಲ್‌ನಿಂದ ದಿನಕ್ಕೆ 6,000 ಗಾಡಿ, ಶನಿವಾರ-ಭಾನುವಾರ 8,000 ಅಂತ ಮಿತಿ ಹಾಕಿದರು. ಅಂದರೆ ಊರಿನವರು ಬೇರೆ, ನೋಡೋಕೆ ಬಂದವರು ಬೇರೆ ಅಂತ ಲೆಕ್ಕ ಹಿಡಿಯೋಕೆ ಆಗುತ್ತೆ, ಮನಸ್ಸಿದ್ದರೆ.

ಹಳೇ ಮಾಸ್ತರ
ಅದು ಗಾಡಿಗಳ ದಟ್ಟಣೆಗೆ ಮಾಡಿದ್ದು. ಅಲ್ಲಿನವರು ಮನೆಗೆ ಹೋಗಲು ಪಾಸ್ ಕೇಳಿದರೆ ಹೇಗೆ?

ವಾಕಿಂಗ್ ಗೆಳೆಯ
ನಮ್ಮ ಮನೆ ಗುಮ್ಮಟದ ಹಿಂದೆಯೇ ಇದೆ ಮಾಸ್ತರ್ರೇ.

ಶಕ್ತಿ ಅಕ್ಕ
ಇವರು ಬಿಡಲ್ಲ ಇವತ್ತು.

ಕ್ಯಾಮೆರಾ ಕಣ್ಣು
ಆನ್‌ಲೈನ್ ಟಿಕೆಟ್ ಮನೆಯಿಂದಲೇ ತಗೊಂಡು ಹೋಗಿ. ರಜೆ ದಿನ ಗೇಟಿನ ಮುಂದೆ ಎಲ್ಲರೂ ಕ್ಯೂಆರ್ ಸ್ಕ್ಯಾನ್ ಮಾಡೋಕೆ ನಿಂತಾಗ ನೆಟ್‌ವರ್ಕ್ ಕೈ ಕೊಡುತ್ತೆ. ಟಿಕೆಟಿನ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ.

ಚಹಾದಂಗಡಿ
ಟಾಂಗಾದವರನ್ನು ಮರೆಯಬೇಡಿ. ಅಮೆರಿಕದ ಮಗುವಿಗೆ ಗುಮ್ಮಟಕ್ಕಿಂತ ಕುದುರೆಯೇ ನೆನಪಿರುತ್ತೆ. ಹತ್ತುವ ಮುಂಚೆ ರೇಟು ಮಾತಾಡಿ.

ಪಿಯುಸಿ ಪಮ್ಮಿ
ನಾವು ಕಾಲೇಜಿನಿಂದ 40 ಜನ ಬರುತ್ತೇವೆ, ಜಮಖಂಡಿಯಿಂದ. ಎಲ್ಲರಿಗೂ 16-17 ವರ್ಷ. ಯೂನಿಫಾರ್ಮ್ ಹಾಕಿದ್ದರೆ ಬಿಡುತ್ತಾರಾ?

ಹಳೇ ಮಾಸ್ತರ
ಯೂನಿಫಾರ್ಮ್ ನೋಡಿ ಬಿಡೋದು ಲಾಲ್‌ಬಾಗಿನ ಫಲಪುಷ್ಪ ಪ್ರದರ್ಶನದಲ್ಲಿ ಶಾಲೆಯ ಮಕ್ಕಳಿಗೆ. ಇಲ್ಲಿ 15 ದಾಟಿದರೆ ಟಿಕೆಟ್ ಅಂತಲೇ ಲೆಕ್ಕ ಹಿಡಿಯಿರಿ. ಪ್ರಾಂಶುಪಾಲರ ಪತ್ರ ಮುಂಚೆಯೇ ಇಲಾಖೆಗೆ ಕಳಿಸಿ ವಿನಾಯಿತಿ ಕೇಳಿ ನೋಡಬಹುದಮ್ಮಾ. ಬಂದ ದಿನ ಗೇಟಿನಲ್ಲಿ ಪತ್ರ ಚಾಚಿದರೆ ಪ್ರಯೋಜನ ಇಲ್ಲ. ಕೊಡದಿದ್ದರೂ ಆನ್‌ಲೈನ್ ತಗೊಳ್ಳಿ, 40 ಜನಕ್ಕೆ 200 ರೂಪಾಯಿ ಉಳಿಯುತ್ತೆ.

ಪಿಯುಸಿ ಪಮ್ಮಿ
ಥ್ಯಾಂಕ್ಸ್ ಸರ್. ನಮ್ಮ ಲೆಕ್ಚರರ್‌ಗೆ ಹೇಳುತ್ತೇನೆ. ಅವರು 'ಮಕ್ಕಳಿಗೆ ಫ್ರೀ' ಅಂತ ಎಲ್ಲರ ಹತ್ತಿರ ಬರೀ ಬಸ್ಸಿನ ದುಡ್ಡು ತಗೊಂಡಿದ್ದಾರೆ.

ಲೆಕ್ಕದ ಕಾಕಾ
ಹಾಗಾದರೆ 800 ರೂಪಾಯಿ ನಿಮ್ಮ ಲೆಕ್ಚರರ್ ಕಿಸೆಯಿಂದ. ಮೊದಲೇ ಹೇಳಿಬಿಡವ್ವಾ ಪಾಪ.